ಕ್ಯಾರಿಯರ್ ಊಟದ ಅಡುಗೆಮನೆಗೆ ಯಾವ ತರಬೇತಿ?

ಕೋಲಾರದಿಂದ ಬೆಂಗಳೂರಿನ ಕಡೆ ಹೊರಟರೆ ನರಸಾಪುರ ಸಿಗುತ್ತದೆ. ಅದರಾಚೆಗೆ ವೇಮಗಲ್, ಇನ್ನೊಂದು ದಿಕ್ಕಿಗೆ ಮಾಲೂರು. ರಾಗಿ, ಹಿಪ್ಪುನೇರಳೆ, ಟೊಮೆಟೊ ಬೆಳೆಯುತ್ತಿದ್ದ ಈ ಬಯಲಿನಲ್ಲಿ ಈಗ ಕಾರ್ಖಾನೆಗಳು ಎದ್ದಿವೆ. ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಘಟಕ ಶುರುವಾಯಿತು; ನಂತರ ವಿಸ್ಟ್ರಾನ್ ಐಫೋನ್ ಜೋಡಿಸತೊಡಗಿತು; 2023ರಲ್ಲಿ ಆ ಘಟಕ ಟಾಟಾ ಕಂಪನಿಯ ಕೈಸೇರಿತು. ದೂರದ ಊರುಗಳಿಂದ ಬಂದ ಯುವಕ ಯುವತಿಯರು ಸುತ್ತಲಿನ ಹಳ್ಳಿಗಳಲ್ಲಿ ರೂಮು ಹಿಡಿದು, ಪಾಳಿಯ ಲೆಕ್ಕದಲ್ಲಿ ದುಡಿಯುತ್ತಾರೆ. ಅವರೆಲ್ಲರ ಊಟ ಕಾರ್ಖಾನೆಯ ಕ್ಯಾಂಟೀನಿನಿಂದಲೇ ಬರುವುದಿಲ್ಲ. ರಜೆಯ ದಿನ, ರಾತ್ರಿಯ ಹೊತ್ತು, ಪಿ.ಜಿ.ಯ ಅಡುಗೆ ಸೇರದಿದ್ದಾಗ, ಪಕ್ಕದ ಬೀದಿಯ ಯಾರದೋ ಮನೆಯಿಂದ ಕ್ಯಾರಿಯರ್ ಬರುತ್ತದೆ. ಹೆಚ್ಚಾಗಿ ಆ ಮನೆಯ ಹೆಂಗಸರೇ ಬೆಳಗಿನ ಜಾವ ಎದ್ದು ಅಡುಗೆ ಮಾಡುತ್ತಾರೆ. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಬಂದರೆ ಉಪ್ಪಿನಕಾಯಿ, ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದರೆ ತೊಕ್ಕು, ಹಬ್ಬ ಬಂದರೆ ಒಬ್ಬಟ್ಟು, ಕಜ್ಜಾಯ, ನಿಪ್ಪಟ್ಟು. ಎಲ್ಲವೂ ಮನೆಯ ಒಲೆಯ ಮೇಲೆಯೇ ಆಗುವ ವ್ಯಾಪಾರ.

ಇಂಥ ಅಡುಗೆಯವರಿಗೆ ಆಹಾರ ಸುರಕ್ಷತೆಯ ತರಬೇತಿ ಬೇಕೇ? ಬೇಕು. ಆದರೆ ಯಾವುದು? ಮೊಬೈಲಿನಲ್ಲಿ ಹುಡುಕಿದರೆ ಒಂದು ಗಂಟೆಯಲ್ಲಿ ಪ್ರಮಾಣಪತ್ರ ಕೊಡುವ ಖಾಸಗಿ ಕೋರ್ಸುಗಳಿಂದ ಹಿಡಿದು ಹತ್ತು ದಿನ ಊಟ ವಸತಿ ಕೊಟ್ಟು ಕಲಿಸುವ ಸಂಸ್ಥೆಗಳವರೆಗೆ ಎಲ್ಲವೂ ಸಿಗುತ್ತವೆ. ಏನು ಬೇಯಿಸುತ್ತೇವೆ, ಬೇಯಿಸಿದ್ದು ತಿನ್ನುವವರೆಗೆ ಎಷ್ಟು ಹೊತ್ತು ಇರುತ್ತದೆ, ನೀರು ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಂಡು ಆರಿಸಿದರೆ ಮಾತ್ರ ತರಬೇತಿ ಒಲೆಯ ಹತ್ತಿರ ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೆ ಗೋಡೆಗೆ ಒಂದು ಚೌಕಟ್ಟು ಹೆಚ್ಚಾಗುತ್ತದೆ, ಅಷ್ಟೇ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಪರವಾನಗಿ ಮತ್ತು ನೋಂದಣಿಯ ನಿಯಮಗಳು 2011ರ ಆಗಸ್ಟ್‌ನಲ್ಲಿ ಜಾರಿಗೆ ಬಂದವು. ಆ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಇರುವವರನ್ನು ಸಣ್ಣ ಉದ್ದಿಮೆದಾರರೆಂದು ಗುರುತಿಸಿ, ಅವರಿಗೆ ಪರವಾನಗಿಯ ಬದಲು ಬರೀ ನೋಂದಣಿ ಸಾಕೆಂದವು. ಶುಲ್ಕ ವರ್ಷಕ್ಕೆ 100 ರೂಪಾಯಿ. ಅರ್ಜಿಯನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ಮನೆಯಿಂದಲೇ ಹಾಕಬಹುದು. ಅನುಮಾನ ಬಂದರೆ ಆಹಾರ ಸುರಕ್ಷತೆಯ ಜಿಲ್ಲಾ ಅಂಕಿತಾಧಿಕಾರಿಗಳ ಕಚೇರಿಯಲ್ಲಿ ಇಲ್ಲವೇ ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿಯ ಬಳಿ ಕೇಳಬಹುದು. ಮನೆಯಿಂದ ಊಟ ಕಳಿಸುವವರಿಗೆ ಆ ಅರ್ಜಿಯಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಊಟ ತಲುಪಿಸುವ ಆ್ಯಪ್‌ಗಳು ಕೇಳುವುದು ಇಲ್ಲಿ ಸಿಗುವ 14 ಅಂಕಿಯ ಸಂಖ್ಯೆಯನ್ನೇ.

ನೋಂದಣಿ ಬೇರೆ, ತರಬೇತಿ ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡವರು ಬಹಳ. ನೋಂದಣಿ ಸಂಖ್ಯೆ ಬಂದ ಮಾತ್ರಕ್ಕೆ ಯಾರೂ ಏನನ್ನೂ ಕಲಿತಂತೆ ಆಗುವುದಿಲ್ಲ. ತರಬೇತಿಯ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ವ್ಯಾಪಾರ ನಡೆಸುವ ಅನುಮತಿಯೂ ಸಿಗುವುದಿಲ್ಲ. 100 ರೂಪಾಯಿಯ ನೋಂದಣಿಗೆ ಮಧ್ಯವರ್ತಿಗಳು ಸಾವಿರಗಟ್ಟಲೆ ಕೇಳುವಾಗ ಎರಡನ್ನೂ ಸೇರಿಸಿ 'ಪ್ಯಾಕೇಜ್' ಅನ್ನುತ್ತಾರೆ. ಅಂಥ ಮಾತು ಕಿವಿಗೆ ಬಿದ್ದಾಗ ಎದ್ದು ಬರುವುದೇ ಸರಿ.

ತರಬೇತಿಗಳ ಪೈಕಿ ಹೆಚ್ಚು ಜನರಿಗೆ ಗೊತ್ತಿರುವುದು ಎಫ್‌ಎಸ್‌ಎಸ್‌ಎಐ 2017ರಲ್ಲಿ ಶುರುಮಾಡಿದ ಫಾಸ್ಟ್ಯಾಕ್. ಇದರಲ್ಲಿ ಮೂಲ ಹಂತ, ಮುಂದುವರಿದ ಹಂತ, ವಿಶೇಷ ಹಂತ ಎಂದು ಮೂರು ಬಗೆ. ಮೂಲ ಹಂತ ಸುಮಾರು ಅರ್ಧ ದಿನದ್ದು. ಅದರೊಳಗೇ ಅಡುಗೆ ಮಾಡಿ ಬಡಿಸುವವರಿಗೆ, ತಯಾರಿಸಿ ಪೊಟ್ಟಣ ಕಟ್ಟುವವರಿಗೆ, ಬೀದಿ ಬದಿ ಮಾರುವವರಿಗೆ ಬೇರೆ ಬೇರೆ ಪಾಠಗಳಿವೆ. ಹಾಲು, ಮಾಂಸ, ಮೀನು, ಬೇಕರಿಯಂಥ ಕಸುಬುಗಳಿಗೆ ವಿಶೇಷ ಹಂತ. ಪರವಾನಗಿ ಪಡೆದ ದೊಡ್ಡ ಉದ್ದಿಮೆಗಳಲ್ಲಿ 25 ಕೆಲಸಗಾರರಿಗೆ ಒಬ್ಬರಂತೆ ಇಲ್ಲಿ ತರಬೇತಾದ ಮೇಲ್ವಿಚಾರಕರು ಇರಬೇಕೆಂದು ಪ್ರಾಧಿಕಾರ ಹೇಳುತ್ತದೆ. ಪ್ರಮಾಣಪತ್ರಕ್ಕೆ ಎರಡು ವರ್ಷದ ಆಯುಷ್ಯ. ಕ್ಯಾರಿಯರ್ ಊಟ ಕಳಿಸುವವರು ಇದರಲ್ಲಿ ಕೇಟರಿಂಗ್ ಪಾಠವನ್ನೂ, ಉಪ್ಪಿನಕಾಯಿ ಹಾಕಿ ಮಾರುವವರು ತಯಾರಿಕೆಯ ಪಾಠವನ್ನೂ ಆರಿಸಬೇಕು. ಕೇಳದೆ ಸೇರಿಕೊಂಡರೆ ಉಪ್ಪಿನಕಾಯಿಯವರು ಅರ್ಧ ದಿನ ಕೂತು ಬಡಿಸುವ ಸೌಟಿನ ಬಗ್ಗೆ ಕೇಳಿಸಿಕೊಂಡು ಬರಬೇಕಾಗುತ್ತದೆ.

ಇದರ ಆಚೆಗೆ ಇನ್ನೂ ಕೆಲವು ಬಾಗಿಲುಗಳಿವೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಸಂಸ್ಥೆ ಮತ್ತು ಬ್ಯಾಂಕುಗಳು ಸೇರಿ ಸ್ವಉದ್ಯೋಗ ತರಬೇತಿ ಸಂಸ್ಥೆಯಾದ ರುಡ್‌ಸೆಟ್ ಕಟ್ಟಿದವು. ಆ ಮಾದರಿಯೇ ಮುಂದೆ ಜಿಲ್ಲೆ ಜಿಲ್ಲೆಯಲ್ಲೂ ಆರ್‌ಸೆಟಿಗಳಾಗಿ ಹರಡಿತು. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ ತಯಾರಿಸುವುದನ್ನು ಅಲ್ಲಿ 10 ದಿನ ಉಚಿತವಾಗಿ ಕಲಿಸುತ್ತಾರೆ. ಕೋಲಾರದ ಹೊರವಲಯದ ಟಮಕದಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಟೊಮೆಟೊ, ಮಾವುಗಳ ಸಂಸ್ಕರಣೆಯ ಪ್ರಶ್ನೆಗಳಿಗೆ ಹತ್ತಿರದಲ್ಲಿ ಸಿಗುವ ಜಾಗ ಅದು. ಇನ್ನೂ ಆಳಕ್ಕೆ ಹೋಗಬೇಕೆನ್ನುವವರಿಗೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಈ ಸಂಸ್ಥೆ ಅಲ್ಪಾವಧಿ ಕೋರ್ಸುಗಳನ್ನು ನಡೆಸುತ್ತದೆ. 2020ರ ಜೂನ್‌ನಲ್ಲಿ ಘೋಷಣೆಯಾದ, ಕಿರು ಆಹಾರ ಉದ್ದಿಮೆಗಳಿಗೆ ನೆರವಾಗುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಕ್ಕೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ಇತ್ತು. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿಯ ಮೂಲ ಬಂಡವಾಳವೂ ಇತ್ತು. 'ಒಂದು ಜಿಲ್ಲೆ ಒಂದು ಉತ್ಪನ್ನ' ಎಂದು ಕೋಲಾರಕ್ಕೆ ಬಂದದ್ದು ಟೊಮೆಟೊ. ಆ ಯೋಜನೆಯ ತರಬೇತಿಯಲ್ಲಿ ಸಾಲ, ಲೆಕ್ಕ, ಲೇಬಲ್ಲುಗಳ ಜತೆಗೆ ಸ್ವಚ್ಛತೆಯ ಪಾಠವೂ ಸೇರಿತ್ತು.

ಬಾಗಿಲುಗಳ ಕೊರತೆ ಇಲ್ಲ ಅಂತಾಯಿತು. ಒಳಗೆ ಏನು ಕಲಿಸುತ್ತಾರೆ ಎಂಬುದೇ ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಐದು ಸೂತ್ರಗಳ ಒಂದು ಭಿತ್ತಿಪತ್ರ ಹೊರತಂದಿತು. ಸ್ವಚ್ಛವಾಗಿಡಿ, ಹಸಿಯದನ್ನೂ ಬೆಂದದ್ದನ್ನೂ ಬೇರೆಯಿಡಿ, ಚೆನ್ನಾಗಿ ಬೇಯಿಸಿ, ಸರಿಯಾದ ಬಿಸಿಯಲ್ಲಿ ಅಥವಾ ತಂಪಿನಲ್ಲಿಡಿ, ಒಳ್ಳೆಯ ನೀರು ಮತ್ತು ಸಾಮಗ್ರಿ ಬಳಸಿ. ಜಗತ್ತಿನ ಯಾವ ತರಬೇತಿಯನ್ನು ಬಿಡಿಸಿ ನೋಡಿದರೂ ಒಳಗಿರುವುದು ಈ ಐದೇ. ಅದೇ ಸಂಸ್ಥೆಯ 2015ರ ಅಂದಾಜಿನಂತೆ ವರ್ಷಕ್ಕೆ 60 ಕೋಟಿ ಜನ ಕೆಟ್ಟ ಆಹಾರದಿಂದ ಕಾಯಿಲೆ ಬೀಳುತ್ತಾರೆ, 4,20,000 ಜನ ಸಾಯುತ್ತಾರೆ. ಸತ್ತವರಲ್ಲಿ 1,25,000 ಮಂದಿ ಐದು ವರ್ಷದೊಳಗಿನ ಮಕ್ಕಳು. ಐದು ಸೂತ್ರಗಳಲ್ಲಿ ನಮ್ಮ ಅಡುಗೆಮನೆಗಳಿಗೆ ಮೊದಲನೆಯದು ಗೊತ್ತು, ಮೂರನೆಯದು ಇನ್ನೂ ಚೆನ್ನಾಗಿ ಗೊತ್ತು. ಕುದಿಯುವ ಸಾರು, ಹಬೆಯಾಡುವ ಮುದ್ದೆ ನಮ್ಮ ಸೀಮೆಯ ಊಟ. ಕೈಕೊಡುವುದು ನಾಲ್ಕನೆಯದು.

ಮನೆಯವರಿಗೆ ಮಾತ್ರ ಬೇಯಿಸುವಾಗ ಅದು ಕೈಕೊಡುವುದಿಲ್ಲ, ಏಕೆಂದರೆ ಇಳಿಸಿದ ಕೂಡಲೇ ಬಡಿಸುತ್ತೇವೆ. ಕ್ಯಾರಿಯರಿಗೆ ಹಾಗಲ್ಲ. ಬೆಳಗಿನ ಜಾವ ಐದಕ್ಕೆ ಬೆಂದ ಅನ್ನವನ್ನು ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿ ಮುಚ್ಚುತ್ತಾರೆ. ತಿನ್ನುವುದು ಮಧ್ಯಾಹ್ನ ಒಂದಕ್ಕೆ. ಅಷ್ಟು ಹೊತ್ತೂ ಅನ್ನ ಬಿಸಿಯಾಗಿಯೂ ಇರದೆ ತಣ್ಣಗೂ ಆಗದೆ ಬೆಚ್ಚಗೆ ಕೂತಿರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಈ ಬೆಚ್ಚನೆಯಲ್ಲೇ ಸೂಕ್ಷ್ಮಾಣುಗಳು ಬೆಳೆಯುವುದು. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟರೆ ಮೊಳೆತು, ವಾಂತಿ ತರಿಸುವ ವಿಷವನ್ನು ಅನ್ನದೊಳಗೇ ಬಿಡುತ್ತವೆ. ಆ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. 'ಇನ್ನೊಂದು ಸಲ ಕುದಿಸಿದರೆ ಸರಿಹೋಗುತ್ತದೆ' ಎಂಬ ನಂಬಿಕೆ ನಮ್ಮಲ್ಲಿ ಬಹಳ ಆಳಕ್ಕೆ ಇಳಿದಿದೆ. ಸಾರಿನ ವಿಷಯದಲ್ಲಿ ಅದು ಎಷ್ಟೋ ಬಾರಿ ನಿಜವೂ ಹೌದು. ಅನ್ನದ ವಿಷಯದಲ್ಲಿ ನಿಜವಲ್ಲ. ತರಬೇತಿ ಕೊಡುವವರು ಈ ಒಂದು ಮಾತನ್ನು ಬಿಡಿಸಿ ಹೇಳದಿದ್ದರೆ, ಕೈ ತೊಳೆಯುವ ಆರು ಹಂತದ ಚಿತ್ರ ತೋರಿಸಿ ಪ್ರಯೋಜನವಿಲ್ಲ.

ದೊಡ್ಡ ಪಾತ್ರೆಯದು ಇನ್ನೊಂದು ಕಥೆ. ಮದುವೆಗೆ, ಬೀಗರೂಟಕ್ಕೆ, ಜಾತ್ರೆಯ ಬಾಡೂಟಕ್ಕೆ ಅಂತ ಹಿಂದಿನ ರಾತ್ರಿಯೇ ದಬರಿಗಟ್ಟಲೆ ಮಾಂಸದ ಸಾರು ಮಾಡಿ ಮುಚ್ಚಿಡುವುದುಂಟು. ಅಂಥ ಪಾತ್ರೆಯ ನಡುಭಾಗ ತಣಿಯಲು ರಾತ್ರಿ ಪೂರ್ತಿ ಬೇಕು. ಕ್ಲೊಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಸೂಕ್ಷ್ಮಾಣು ಇಂಥ ಕಡೆಯೇ ಬೆಳೆಯುವಂಥದ್ದು. 43 ಡಿಗ್ರಿ ಆಸುಪಾಸಿನಲ್ಲಿ ಹತ್ತು ನಿಮಿಷದೊಳಗೆ ಇಮ್ಮಡಿಯಾಗಬಲ್ಲದು. ಬೆಂದ ಅಡುಗೆಯನ್ನು ಎರಡು ಗಂಟೆಯೊಳಗೆ 21 ಡಿಗ್ರಿಗೂ ಅಲ್ಲಿಂದ ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೂ ಇಳಿಸಬೇಕೆಂದು ತರಬೇತಿಗಳಲ್ಲಿ ಹೇಳುತ್ತಾರೆ. ಹೋಟೆಲಿನ ಯಂತ್ರಕ್ಕೆ ಇದು ಸುಲಭ. ಮನೆಯಲ್ಲಿ ಹೇಗೆ? ಅಗಲವಾದ ತಟ್ಟೆಗಳಿಗೆ, ಹರಿವಾಣಗಳಿಗೆ ಎರಡು ಬೆರಳ ಆಳಕ್ಕೆ ಹರಡಬೇಕು, ತಣ್ಣೀರಿನ ತೊಟ್ಟಿಯಲ್ಲಿ ಪಾತ್ರೆ ಇಳಿಸಿ ಕೈಯಾಡಿಸುತ್ತಿರಬೇಕು, ಆಮೇಲೆ ಫ್ರಿಜ್ಜು. ಇದನ್ನು ಪಾತ್ರೆ, ಸೌಟು, ಥರ್ಮಾಮೀಟರ್ ಎದುರಿಗಿಟ್ಟು ಮಾಡಿ ತೋರಿಸುವ ತರಬೇತಿಯೇ ಮನೆ ಅಡುಗೆಯವರಿಗೆ ಬೇಕಾದದ್ದು.

ಈ ವಿದ್ಯೆ ನಮ್ಮವರಿಗೆ ಪೂರ್ತಿ ಹೊಸದೂ ಅಲ್ಲ. ದೂರದ ಪ್ರಯಾಣದ ಬುತ್ತಿಗೆ ಪುಳಿಯೋಗರೆ, ಮೊಸರನ್ನ ಕಟ್ಟಿದ ಅಜ್ಜಿಯರು ಕಾಯಿತುರಿ ಹಾಕಿದ ಪಲ್ಯವನ್ನು ಎಂದೂ ಕಟ್ಟಲಿಲ್ಲ. ಹುಳಿ ಇದ್ದಲ್ಲಿ ಸೂಕ್ಷ್ಮಾಣು ನಿಧಾನ, ಹಸಿ ತೆಂಗಿನಕಾಯಿ ಇದ್ದಲ್ಲಿ ಅದು ಚುರುಕು ಎಂಬ ವಿಜ್ಞಾನ ಆ ಆಯ್ಕೆಯಲ್ಲಿತ್ತು. ಬೇಸಿಗೆಯ ಕ್ಯಾರಿಯರಿನಲ್ಲಿ ಕಾಯಿಚಟ್ನಿಯ ಬದಲು ಹುಚ್ಚೆಳ್ಳು ಪುಡಿ ಕಳಿಸುವ ಗೃಹಿಣಿ ಯಾವ ಕೋರ್ಸೂ ಮಾಡದೆಯೇ ಅಪಾಯವನ್ನು ಅರ್ಧಕ್ಕರ್ಧ ಇಳಿಸಿರುತ್ತಾರೆ. ಅವರ ಈ ತಿಳಿವಳಿಕೆಯನ್ನು ಗೌರವಿಸಿ ಅಲ್ಲಿಂದಲೇ ಪಾಠ ಶುರುಮಾಡುವ ಶಿಕ್ಷಕರು ಸಿಕ್ಕರೆ ಕಲಿಕೆ ಬೇಗ ಹತ್ತುತ್ತದೆ.

ಕೋಲಾರದ ಅಡುಗೆಮನೆಗೆ ನೀರಿನ ಪಾಠ ಪ್ರತ್ಯೇಕವಾಗಿ ಬೇಕು. ಸಾವಿರ ಅಡಿ ದಾಟಿದ ಕೊಳವೆಬಾವಿಗಳು, ಅವುಗಳಲ್ಲಿ ಫ್ಲೋರೈಡ್. ಇದು ಈ ಜಿಲ್ಲೆಯ ಹಳೆಯ ನೋವು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಿನಲ್ಲಿ ಫ್ಲೋರೈಡ್ ಕಡಿಮೆ ಇರುತ್ತದೆ, ಆದರೆ ಅದರಲ್ಲಿ ಸೂಕ್ಷ್ಮಾಣು ತಡೆಯುವ ಕ್ಲೋರಿನ್ ಕೂಡ ಉಳಿದಿರುವುದಿಲ್ಲ. ಕ್ಯಾನು ತೊಳೆಯದಿದ್ದರೆ, ಲೋಟ ಅದ್ದಿ ನೀರು ತೆಗೆದರೆ, ಘಟಕದಲ್ಲಿ ಶುದ್ಧವಾಗಿದ್ದ ನೀರು ಮನೆಯಲ್ಲಿ ಕೆಡುತ್ತದೆ. ಹೀಗೆ ಎರಡು ಬೇರೆ ಅಪಾಯಗಳಿಗೆ ಎರಡು ಬೇರೆ ಪರಿಹಾರ. ದೆಹಲಿಯಲ್ಲಿ ಸಿದ್ಧವಾದ ಪಾಠದ ಹಾಳೆಯಲ್ಲಿ 'ಕುಡಿಯಲು ಯೋಗ್ಯವಾದ ನೀರು ಬಳಸಿ' ಎಂದು ಒಂದು ಸಾಲು ಇರುತ್ತದೆ. ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಹರಿದು ಬರುತ್ತಿರುವ ಜಿಲ್ಲೆಯಲ್ಲಿ ಆ ಒಂದು ಸಾಲು ಸಾಲದು. ಆ ನೀರು ಅಂತರ್ಜಲ ಏರಿಸುವುದಕ್ಕೆ ಬಂದದ್ದು. ಪಾತ್ರೆ ತೊಳೆಯುವುದಕ್ಕೂ ಸೊಪ್ಪು ತೊಳೆಯುವುದಕ್ಕೂ ಯಾವ ನೀರು ಎಂಬುದನ್ನು ಊರೂರಿನ ಲೆಕ್ಕದಲ್ಲಿ ಮಾತಾಡಬೇಕು.

ತೋಟದ ಔಷಧಿಯದು ಅದಕ್ಕಿಂತ ಘೋರ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಮಶ್ರಖ್ ಬಳಿಯ ಶಾಲೆಯೊಂದರಲ್ಲಿ ಬಿಸಿಯೂಟ ತಿಂದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಕೀಟನಾಶಕ ಇತ್ತೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಅಡುಗೆಯವರು ಎಣ್ಣೆಯ ಬಣ್ಣ, ವಾಸನೆ ಸರಿಯಿಲ್ಲವೆಂದು ಹೇಳಿದರೂ ಅಡುಗೆ ನಿಲ್ಲಲಿಲ್ಲವೆಂದು ಆಗ ವರದಿಯಾಗಿತ್ತು. ಟೊಮೆಟೊ, ಕ್ಯಾಪ್ಸಿಕಂ, ಹೂವಿಗೆ ವಾರಕ್ಕೊಮ್ಮೆ ಔಷಧಿ ಹೊಡೆಯುವ ನಮ್ಮ ಸೀಮೆಯಲ್ಲಿ ಖಾಲಿ ಬಾಟಲಿ, ಡಬ್ಬಗಳು ಮನೆಯ ಮೂಲೆಯಲ್ಲಿ ಬಿದ್ದಿರುತ್ತವೆ. ಅಂಥ ಡಬ್ಬವನ್ನು ತೊಳೆದು ಎಣ್ಣೆಗೋ ಬೇಳೆಗೋ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಅದನ್ನು ಇಂದೇ ಬಿಡಬೇಕು. ಔಷಧಿ ಅಳೆದ ಲೋಟವೂ ಅಡುಗೆಮನೆಗೆ ಮತ್ತೆ ಬರಬಾರದು. ಎಣ್ಣೆಯ ವಾಸನೆ ಬೇರೆ ಬಂದಾಗ 'ಅಡುಗೆ ನಿಲ್ಲಿಸುತ್ತೇನೆ' ಎನ್ನುವ ಧೈರ್ಯವನ್ನು ಅಡುಗೆಯವರಿಗೆ ಕೊಡುವುದೂ ತರಬೇತಿಯ ಭಾಗ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ಪದ್ಧತಿ ಇರುವುದು ಈ ಕಾರಣಕ್ಕೇ. ಮನೆಯಿಂದ ಊಟ ಕಳಿಸುವವರು ಅದನ್ನು ಹಾಗೆಯೇ ಎತ್ತಿಕೊಳ್ಳಬಹುದು.

ಕೈಯ ಸ್ವಚ್ಛತೆಯನ್ನು ಎಲ್ಲರೂ ಹೇಳುತ್ತಾರೆ, ಏಕೆಂದು ಹೇಳುವವರು ಕಡಿಮೆ. ಮೇರಿ ಮಲನ್ ಎಂಬ ಐರಿಷ್ ಮೂಲದ ಹೆಂಗಸು ನ್ಯೂಯಾರ್ಕಿನ ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. 1906ರಲ್ಲಿ ಆಯ್‌ಸ್ಟರ್ ಬೇ ಎಂಬಲ್ಲಿ ಒಂದೇ ಮನೆಯ 11 ಜನರಲ್ಲಿ 6 ಜನಕ್ಕೆ ಟೈಫಾಯ್ಡ್ ಬಂತು. ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ತಜ್ಞ ಹುಡುಕುತ್ತಾ ಹೋಗಿ ಅಡುಗೆಯವರ ತನಕ ತಲುಪಿದ. ಮೇರಿಗೆ ಜ್ವರವಿರಲಿಲ್ಲ, ಸುಸ್ತಿರಲಿಲ್ಲ; ದೇಹದೊಳಗೆ ರೋಗಾಣು ಮಾತ್ರ ಮನೆ ಮಾಡಿತ್ತು. ಬೆಂದ ಅಡುಗೆಯಿಂದ ರೋಗ ಹರಡಲಿಲ್ಲ. ಬೇಯಿಸದೆ ಕೊಡುತ್ತಿದ್ದ ಹಣ್ಣಿನ ಐಸ್‌ಕ್ರೀಮ್ ದಾರಿಯಾಯಿತೆಂದು ಸೋಪರ್ ತರ್ಕಿಸಿದ. ಅಧಿಕಾರಿಗಳು ಮೇರಿಯನ್ನು ಮೂರು ವರ್ಷ ದ್ವೀಪವೊಂದರಲ್ಲಿಟ್ಟು, ಇನ್ನು ಅಡುಗೆ ಮಾಡಬಾರದೆಂದು ಮಾತು ತೆಗೆದುಕೊಂಡು ಬಿಟ್ಟರು. ಬದಲಿಗೆ ಸಿಕ್ಕ ಬಟ್ಟೆ ಒಗೆಯುವ ಕೆಲಸದಲ್ಲಿ ಸಂಬಳ ಕಡಿಮೆ. ತನ್ನಲ್ಲಿ ರೋಗವಿದೆ ಎಂಬುದನ್ನು ಅವರು ಕೊನೆಯವರೆಗೂ ನಂಬಲಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಸೌಟು ಹಿಡಿದರು. 1915ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ 25 ಜನಕ್ಕೆ ಕಾಯಿಲೆ ಬಂತು, ಇಬ್ಬರು ಸತ್ತರು. 1938ರಲ್ಲಿ ತೀರಿಕೊಳ್ಳುವವರೆಗೂ ಅವರನ್ನು ಆ ದ್ವೀಪದಲ್ಲೇ ಇಟ್ಟರು. ಆಕೆಗೆ ಯಾರಾದರೂ ಆಕೆಯ ಮಾತಿನಲ್ಲೇ ವಿಷಯ ತಿಳಿಸಿ, ಬದುಕಲು ಬೇರೆ ಸಂಪಾದನೆಯ ದಾರಿ ಕೊಟ್ಟಿದ್ದರೆ ಆ ಇತಿಹಾಸ ಬೇರೆಯಾಗುತ್ತಿತ್ತೇನೋ.

ನಮ್ಮ ನಿಯಮಗಳು ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯನ್ನೂ ಟೈಫಾಯ್ಡ್ ಗುಂಪಿನ ಕಾಯಿಲೆಗಳಿಗೆ ಲಸಿಕೆಯನ್ನೂ ಹೇಳುವುದು ಇದಕ್ಕೇ. ಕನ್ನಡಿಗರು ಹಲವರಿರುವ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ 1ರಂದು ಶವರ್ಮಾ ತಿಂದ 16ರ ಹುಡುಗಿಯೊಬ್ಬಳು ತೀರಿಕೊಂಡಳು; ಹಲವರು ಆಸ್ಪತ್ರೆ ಸೇರಿದರು; ರೋಗಿಗಳಲ್ಲಿ ಶಿಗೆಲ್ಲಾ ರೋಗಾಣು ಕಂಡಿತು. ಇಂಥ ಪ್ರಕರಣಗಳ ಬೆನ್ನಿಗೆ ಕೇರಳ ಸರ್ಕಾರ 2023ರಲ್ಲಿ ಹಸಿ ಮೊಟ್ಟೆಯ ಮಯೊನೇಸ್ ನಿಷೇಧಿಸಿ, ಹೋಟೆಲ್ ಕೆಲಸಗಾರರಿಗೆ ಆರೋಗ್ಯ ಕಾರ್ಡು ಕಡ್ಡಾಯ ಮಾಡಿತು. ನರಸಾಪುರದ ಕಾರ್ಖಾನೆಗಳಿಗೆ ಹತ್ತಿರದ ಉದಾಹರಣೆ ಬೇಕೆಂದರೆ ತಮಿಳುನಾಡಿನ ಶ್ರೀಪೆರಂಬದೂರು ಇದೆ. 2021ರ ಡಿಸೆಂಬರ್‌ನಲ್ಲಿ ಫಾಕ್ಸ್‌ಕಾನ್ ಐಫೋನ್ ಘಟಕದ ಹೆಣ್ಣುಮಕ್ಕಳು ತಂಗಿದ್ದ ಹಾಸ್ಟೆಲಿನಲ್ಲಿ ಊಟ ವಿಷವಾಗಿ 159 ಮಂದಿ ಆಸ್ಪತ್ರೆಗೆ ದಾಖಲಾದರು. ಕೆಲಸಗಾರರು ಹೆದ್ದಾರಿಗೆ ಇಳಿದರು, ಘಟಕ ವಾರಗಟ್ಟಲೆ ಮುಚ್ಚಿತು.

ಸ್ವಚ್ಛತೆಯ ಮಾತು ಬಂದಾಗ ಇನ್ನೊಂದು ವಿಷಯವನ್ನು ನೇರವಾಗಿ ಹೇಳಬೇಕಾಗುತ್ತದೆ. ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ದಲಿತ ಮಹಿಳೆ ಬಿಸಿಯೂಟ ಮಾಡುತ್ತಾರೆಂಬ ಒಂದೇ ಕಾರಣಕ್ಕೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದದ್ದು ದಶಕದ ಹಿಂದೆ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಶುದ್ಧ ಎಂಬುದನ್ನು ಹುಟ್ಟಿಗೆ ಕಟ್ಟಿಹಾಕಿದ ಸಮಾಜ ನಮ್ಮದು. ಸೂಕ್ಷ್ಮಾಣುವಿಗೆ ಗೊತ್ತಿರುವುದು ತೊಳೆದ ಕೈ, ತೊಳೆಯದ ಕೈ ಎಂಬ ವ್ಯತ್ಯಾಸ ಮಾತ್ರ. ಮಡಿಯ ಸೀರೆಯಲ್ಲಿ ಬಡಿಸಿದರೂ ಬೆರಳಿನಲ್ಲಿ ಕೀವಿನ ಗಾಯ ಇದ್ದರೆ ಸ್ಟ್ಯಾಫಿಲೊಕಾಕಸ್ ಸೂಕ್ಷ್ಮಾಣು ಊಟಕ್ಕೆ ಇಳಿಯುತ್ತದೆ, ಅದು ಬಿಡುವ ವಿಷವೂ ಬಿಸಿಗೆ ಬಗ್ಗುವುದಿಲ್ಲ. ಎಲ್ಲ ಜಾತಿಯ ಹೆಂಗಸರು ಒಂದೇ ಒಲೆಯ ಸುತ್ತ ಕೂತು ಅಡುಗೆ ಮಾಡಿ, ಮಾಡಿದ್ದನ್ನು ಒಟ್ಟಿಗೆ ಉಣ್ಣುವ ತರಬೇತಿ, ಪರದೆಯ ಮೇಲೆ ಚಿತ್ರ ತೋರಿಸುವ ತರಬೇತಿಗಿಂತ ನೂರು ಪಾಲು ಮೇಲು. ಮೊಬೈಲಿನ ಕೋರ್ಸಿನಿಂದ ಆಗದ ಕೆಲಸ ಇದು.

ಉಪ್ಪಿನಕಾಯಿ, ತೊಕ್ಕುಗಳ ವ್ಯಾಪಾರ ಬೇರೆ ತರಬೇತಿಯನ್ನು ಕೇಳುತ್ತದೆ. ಅಲ್ಲಿ ಗಂಟೆಗಳ ಲೆಕ್ಕವಿಲ್ಲ, ತಿಂಗಳುಗಳದ್ದು. ಉಪ್ಪುನೀರಿನ ಉಪ್ಪಿನಕಾಯಿಗೆ ಶೇ. 12ಕ್ಕೆ ಕಡಿಮೆಯಿಲ್ಲದಂತೆ ಉಪ್ಪಿರಬೇಕು, ಎಣ್ಣೆಯದಾದರೆ ಹೋಳುಗಳು ಎಣ್ಣೆಯಲ್ಲಿ ಮುಳುಗಿರಬೇಕು ಎಂದು ರಾಷ್ಟ್ರೀಯ ಮಾನದಂಡ ಹೇಳುತ್ತದೆ. ಜಾಡಿಯ ಮೇಲೆ ಎಣ್ಣೆ ನಿಲ್ಲಬೇಕೆಂದು ಅಮ್ಮಂದಿರು ಹೇಳುತ್ತಿದ್ದುದೂ ಇದನ್ನೇ. ಟೊಮೆಟೊ ಮಾತ್ರ ಮೋಸಗೊಳಿಸುವ ಹಣ್ಣು. ಬಾಯಿಗೆ ಹುಳಿ ಅನಿಸಿದರೂ, ಅಪಾಯಕಾರಿ ಬಾಟುಲಿನಂ ಸೂಕ್ಷ್ಮಾಣು ಬೆಳೆಯದಿರಲು ಬೇಕಾದ 4.6ರ ಆಮ್ಲ ಗಡಿಯ ಅಂಚಿನಲ್ಲೇ ಅದು ನಿಂತಿರುತ್ತದೆ. ಗಾಳಿಯಾಡದಂತೆ ಎಣ್ಣೆ ಮುಚ್ಚಿದ ಬಾಟಲಿಯಲ್ಲಿ ಹುಳಿ ಸಾಲದಿದ್ದರೆ ಅದು ಆಟದ ವಿಷಯವಲ್ಲ. ಹುಣಸೆ, ನಿಂಬೆರಸ ಅಥವಾ ವಿನೆಗರ್ ಎಷ್ಟು ಸೇರಬೇಕು, ಅಳೆಯುವ ಕಾಗದದಿಂದ ಹೇಗೆ ನೋಡಬೇಕು ಎಂಬುದನ್ನು ಕಲಿಯಲು ಟಮಕಕ್ಕೋ ಮೈಸೂರಿಗೋ ಒಮ್ಮೆ ಹೋಗಿಬರುವುದು ಸಾರ್ಥಕ. 2023ರ ಜುಲೈನಲ್ಲಿ ಕಿಲೋ 100 ರೂಪಾಯಿ ದಾಟಿದ ಟೊಮೆಟೊ, ಬೆಲೆ ಬಿದ್ದ ವರ್ಷಗಳಲ್ಲಿ ರಸ್ತೆ ಬದಿಗೆ ಸುರಿಯಲ್ಪಟ್ಟದ್ದೂ ಇದೇ ಜಿಲ್ಲೆಯಲ್ಲಿ. ಸುರಿಯುವ ಹಣ್ಣು ಬಾಟಲಿ ಸೇರಬೇಕೆಂದರೆ ಈ ವಿದ್ಯೆ ಹಳ್ಳಿಗೆ ಬರಬೇಕು.

ಹೊರದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಮನೆಯಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಮಾರಬೇಕೆಂದರೆ ಇದೇ ಪ್ರಶ್ನೆ ಎದುರಿಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2013ರ ಜನವರಿಯಿಂದ ಜಾರಿಯಲ್ಲಿರುವ ಕಾನೂನು ಫ್ರಿಜ್ಜಿನ ಹಂಗಿಲ್ಲದ ತಿನಿಸುಗಳನ್ನು ಮಾತ್ರ ಮನೆಯಲ್ಲಿ ಮಾಡಿ ಮಾರಲು ಬಿಡುತ್ತದೆ. ನೋಂದಣಿಯಾದ ಮೂರು ತಿಂಗಳೊಳಗೆ ತರಬೇತಿ ಮುಗಿಸಬೇಕು. ಇಂಗ್ಲೆಂಡಿನಲ್ಲಿ ವ್ಯಾಪಾರ ಶುರುವಾಗುವ 28 ದಿನ ಮೊದಲೇ ಸ್ಥಳೀಯ ಕೌನ್ಸಿಲಿಗೆ ತಿಳಿಸಬೇಕು. ಕಡಲೆಕಾಯಿ, ಎಳ್ಳು, ಹಾಲು ಸೇರಿದಂತೆ 14 ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕು. ಕ್ಯಾಲಿಫೋರ್ನಿಯಾದ ವಿಂಗಡಣೆ ಜಾಣತನದ್ದು. ನಿಪ್ಪಟ್ಟು ಮಾಡುವವರನ್ನೂ ಮಾಂಸದೂಟ ಕಳಿಸುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಲರ್ಜಿಯ ಪಾಠವೂ ನಮಗೆ ಬೇಕು: ಕಡಲೆಕಾಯಿ ಬೆಳೆಯುವ ನಾಡಿನಲ್ಲಿ ಅದು ಯಾವ ಪಲ್ಯದಲ್ಲಿ, ಯಾವ ಚಟ್ನಿಪುಡಿಯಲ್ಲಿ ಇದೆ ಎಂದು ಹೇಳುವ ರೂಢಿಯೇ ನಮ್ಮಲ್ಲಿಲ್ಲ.

ಸರ್ಕಾರದ ಹೊಸ ಆದೇಶಗಳನ್ನು ತಿಳಿಸುವುದೂ ತರಬೇತಿಯ ಕೆಲಸ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿನ ಬಣ್ಣವನ್ನೂ. 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದರ ಮೇಲೆ ಕ್ರಮಕ್ಕೆ ಹೊರಟಿತು. ಬಜ್ಜಿ, ಬೋಂಡಾವನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಡುವುದನ್ನೂ ಕಾನೂನು ಒಪ್ಪುವುದಿಲ್ಲ. ಇವುಗಳ ಬದಲಿಗೆ ಬೆಳ್ಳನೆಯ ಪಾಣಿಪಂಚೆಯ ತುಂಡು, ಬಾಳೆಎಲೆ, ಮುತ್ತುಗದ ಎಲೆ ಇನ್ನೂ ಸಿಗುತ್ತವೆ.

ಹಾಗಾದರೆ ಹಣ ಕಟ್ಟುವ ಮೊದಲು ಫೋನಿನಲ್ಲಿ ಏನು ಕೇಳಬೇಕು? ಪಾಠ ಯಾವ ಭಾಷೆಯಲ್ಲಿ ಎಂದು ಮೊದಲು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಎರಡೂ ಬಲ್ಲ ಶಿಕ್ಷಕರು ಇದ್ದಾರೆಯೇ? ಒಲೆ ಹಚ್ಚಿ ತೋರಿಸುತ್ತಾರೆಯೇ, ಬರೀ ಚಿತ್ರವೇ? ಆಹಾರಕ್ಕೆ ಚುಚ್ಚುವ ಥರ್ಮಾಮೀಟರನ್ನು ಕೈಗೆ ಕೊಡುತ್ತಾರೆಯೇ? ಕೆಲವೇ ನೂರು ರೂಪಾಯಿಗೆ ಸಿಗುವ ಆ ಉಪಕರಣ ಪ್ರಮಾಣಪತ್ರಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಆಮೇಲೆ ಅನುಮಾನ ಬಂದರೆ ಕೇಳಲು ಒಬ್ಬರು ಸಿಗುತ್ತಾರೆಯೇ? ಈ ಉತ್ತರಗಳು ಸರಿ ಕಂಡರೆ ಫಾಸ್ಟ್ಯಾಕ್ ಆಗಲಿ ಆರ್‌ಸೆಟಿ ಆಗಲಿ, ಸೇರಬಹುದು. ತರಬೇತಿ ಸಿಗುವವರೆಗೆ ಎಫ್‌ಎಸ್‌ಎಸ್‌ಎಐ ಮನೆಗಳಿಗಾಗಿಯೇ ತಂದ ಪಿಂಕ್ ಬುಕ್, ಕಲಬೆರಕೆ ಕಂಡುಹಿಡಿಯುವ ಡಾರ್ಟ್ ಪುಸ್ತಕಗಳನ್ನು ಉಚಿತವಾಗಿ ಓದಿಕೊಳ್ಳಬಹುದು.

ಬೆಳಗಿನ ಜಾವ ಅಡುಗೆಗೆ ಏಳುವ ಹೆಂಗಸು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಿ ಹೋಗಿ ಕಲಿಯಬೇಕೆಂದರೆ ಒಂದು ದಿನದ ಸಂಪಾದನೆ ಹೋಗುತ್ತದೆ. ಈ ಜಿಲ್ಲೆಯಲ್ಲಿ ಅದಕ್ಕೊಂದು ಸಿದ್ಧ ವ್ಯವಸ್ಥೆ ಇದೆ: ಹಳ್ಳಿ ಹಳ್ಳಿಯ ಹಾಲು ಉತ್ಪಾದಕರ ಸಂಘ. ಡೈರಿಯಲ್ಲಿ ಕಟ್ಟಡವಿದೆ, ನಲ್ಲಿಯಿದೆ, ಹಾಲಿನ ಗುಣಮಟ್ಟ ಅಳೆಯಲು ಗೊತ್ತಿರುವ ಒಬ್ಬರು ಇದ್ದಾರೆ. ಹೆಂಗಸರು ದಿನಕ್ಕೆ ಎರಡು ಸಲ ಅಲ್ಲಿಗೆ ಬರುತ್ತಾರೆ. ಕ್ಯಾನು ತೊಳೆಯದಿದ್ದರೆ ಹಾಲು ಒಡೆಯುತ್ತದೆ, ಒಡೆದರೆ ದುಡ್ಡು ಬರುವುದಿಲ್ಲ ಎಂಬ ಪಾಠವನ್ನು ಅವರು ಅಲ್ಲಿ ಆಗಲೇ ಕಲಿತಿದ್ದಾರೆ. ಅಂಕಿತಾಧಿಕಾರಿಗಳ ಕಚೇರಿ, ಕೃಷಿ ವಿಜ್ಞಾನ ಕೇಂದ್ರ, ಕೋಲಾರದ ಹಾಲು ಒಕ್ಕೂಟ ಒಟ್ಟಿಗೆ ಕೂತು ತಿಂಗಳಿಗೊಂದು ಮಧ್ಯಾಹ್ನ ಗೊತ್ತುಮಾಡಿದರೆ, ಸುಗಟೂರು ಹೋಬಳಿಯ ಒಂದು ಡೈರಿಯಲ್ಲೇ ಶುರುಮಾಡಬಹುದು. ಮೊದಲ ಪಾಠಕ್ಕೆ ಒಂದು ದಬರಿ ಅನ್ನ, ನಾಲ್ಕು ಅಗಲದ ತಟ್ಟೆ, ಒಂದು ಥರ್ಮಾಮೀಟರ್ ಬೇಕು.